‘ಅರ್ಥ ಆಯ್ತಾ?’ ಅಂದರೆ ‘ಹೂಂರಿ’ ಅಂತಾರೆ, ಟೆಸ್ಟಲ್ಲಿ ನೋಡಿದರೆ ಏನೂ ಇಲ್ಲ

ಪ್ರಶ್ನೆ: ನಾನು ಹಾಸನ ಕಡೆಯವಳು. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಗಣಿತ ಶಿಕ್ಷಕಿಯಾಗಿ ಬಂದು ಆರು ತಿಂಗಳಾಯಿತು. ಎಂಟನೇ ಕ್ಲಾಸಲ್ಲಿ 54 ಮಕ್ಕಳು. ಬಿ.ಎಡ್‌ನಲ್ಲಿ ಹೇಳಿಕೊಟ್ಟ ಹಾಗೆ ಮೊದಲು ಚಾರ್ಟು, ಗುಂಪು ಚಟುವಟಿಕೆ ಎಲ್ಲ ಮಾಡಿದೆ. ಬರೀ ಗಲಾಟೆ ಆಯಿತು. ಆಮೇಲೆ ಅದನ್ನೆಲ್ಲ ಬಿಟ್ಟು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸತೊಡಗಿದೆ. ಈಗ ಎಲ್ಲರೂ ಸುಮ್ಮನೆ ಕೂತು ಬರೆದುಕೊಳ್ಳುತ್ತಾರೆ. ‘ಅರ್ಥ ಆಯ್ತಾ?’ ಅಂದರೆ ‘ಹೂಂರಿ ಟೀಚರ್’ ಅಂತಾರೆ. ಎಫ್‌ಎ (ವರ್ಷದ ನಡುವೆ ನಡೆಯುವ ಸಣ್ಣ ಮೌಲ್ಯಮಾಪನ) ಟೆಸ್ಟಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು 20ಕ್ಕೆ 5 ದಾಟಿಲ್ಲ. ‘ಇವಕ್ಕೆ ಬೇಸಿಕ್ ಇಲ್ಲ, ತಲೆ ಕೆಡಿಸ್ಕೋಬೇಡಿ’ ಅನ್ನುತ್ತಾರೆ ಒಬ್ಬ ಸಹೋದ್ಯೋಗಿ. ಇನ್ನೊಬ್ಬರು ‘ಕೋಲು ಹಿಡೀರಿ, ಸರಿ ಹೋಗ್ತವೆ’ ಅನ್ನುತ್ತಾರೆ. ಹೆಚ್‌ಎಂ (ಮುಖ್ಯ ಶಿಕ್ಷಕರು) ಪೋರ್ಷನ್ ಮುಗಿಸಿ ಅನ್ನುತ್ತಾರೆ. ನಾನು ಯಾವ ವಿಧಾನದಲ್ಲಿ ಪಾಠ ಮಾಡಬೇಕು? ಇನ್ನೊಂದು ಸಣ್ಣ ಪ್ರಶ್ನೆ: ಬೋರ್ಡಿನ ಮೇಲೆ ನನ್ನದೇ ಲೆಕ್ಕ ತಪ್ಪಿದರೆ ಏನು ಮಾಡಲಿ?

ಉತ್ತರ: ಮೇಡಂ, ಈ ‘ಹೂಂರಿ’ ನನಗೆ ಚೆನ್ನಾಗಿ ಗೊತ್ತು. 24 ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿದ್ದೇನೆ. ಅದರಲ್ಲಿ ಮೊದಲ ಒಂಬತ್ತು ವರ್ಷ ನಿಮ್ಮ ಪಕ್ಕದ ರಾಯಚೂರು ಕಡೆ. ಆಮೇಲೆ ಹೊಸ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ. ನಿಮ್ಮ ಪತ್ರದಲ್ಲಿ ಇರುವುದು ಒಂದೇ ಚಿಂತೆ ಅಲ್ಲ, ಎರಡು ಒಟ್ಟಿಗೆ ಸೇರಿಕೊಂಡಿವೆ. ಒಂದು, ನಾನು ಸರಿಯಾದ ವಿಧಾನ ಹಿಡಿದಿಲ್ಲವೇನೋ ಅನ್ನುವುದು. ಇನ್ನೊಂದು, ಮಕ್ಕಳ ತಲೆಯಲ್ಲಿ ಏನು ನಡೀತಿದೆ ಅಂತ ನನಗೆ ಗೊತ್ತೇ ಆಗ್ತಿಲ್ಲ ಅನ್ನುವುದು. ನೀವು ಮೊದಲನೆಯದನ್ನು ಕೇಳಿದ್ದೀರಿ. ನಾನು ಎರಡನೆಯದಕ್ಕೆ ಜಾಸ್ತಿ ಉತ್ತರ ಕೊಡುತ್ತೇನೆ, ಯಾಕಂದರೆ ಅದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿಯುತ್ತದೆ.

‘ಅರ್ಥ ಆಯ್ತಾ?’ ಅನ್ನುವುದು ಪ್ರಶ್ನೆಯೇ ಅಲ್ಲ. ಮನೆಗೆ ಬಂದವರಿಗೆ ‘ಊಟ ಆಯ್ತಾ?’ ಅಂತ ಕೇಳಿದ ಹಾಗೆ. ಹಸಿದು ಬಂದಿದ್ದರೂ ‘ಆಯ್ತು ಆಯ್ತು’ ಅಂತಾರೆ ಅಲ್ವಾ? ಮಕ್ಕಳೂ ಅಷ್ಟೇ. ಸುಳ್ಳು ಹೇಳುತ್ತಾರೆ ಅಂತಲೂ ಅಲ್ಲ. ನೀವು ಬೋರ್ಡಿನ ಮೇಲೆ ಒಂದೊಂದೇ ಹೆಜ್ಜೆ ಬರೆಯುವಾಗ ಅವರಿಗೆ ನಿಜವಾಗಲೂ ಸುಲಭ ಅನ್ನಿಸುತ್ತದೆ. ಯಾರೋ ಸೈಕಲ್ ಹೊಡೆಯುವುದನ್ನು ನೋಡಿದರೆ ಸುಲಭ ಅನ್ನಿಸುವುದಿಲ್ಲವೇ, ಹಾಗೆ. ತಾವೇ ಹತ್ತಿದಾಗ ತಾನೇ ಬೀಳುವುದು, ಮತ್ತು ಅವರು ಹತ್ತುವುದು ಟೆಸ್ಟಿನ ದಿನ. ಅಷ್ಟೊತ್ತಿಗೆ ನೀವು ಮುಂದಿನ ಪಾಠದಲ್ಲಿರುತ್ತೀರಿ.

ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಕ್ಲಾಸಲ್ಲಿ ನಾಳೆ −3 − 5 ಎಷ್ಟು ಅಂತ ಎಲ್ಲರಿಗೂ ಕೊಟ್ಟು ನೋಡಿ. 8 ಅಂತ ಬರೆದವರು ಕಡಿಮೆ ಏನೂ ಇರುವುದಿಲ್ಲ. ನನ್ನ ಎರಡನೇ ವರ್ಷದಲ್ಲಿ ಒಬ್ಬ ಹುಡುಗ ಹೀಗೇ ಬರೆದಿದ್ದ. ನಾನು ಕೆಂಪು ಗೆರೆ ಎಳೆದು ಮುಂದೆ ಹೋಗಿಬಿಡುತ್ತಿದ್ದೆ. ಅವತ್ತು ಯಾಕೋ ‘ಹೆಂಗ್ ಬಂತಪ್ಪಾ?’ ಅಂತ ಕೇಳಿದೆ. ‘ಎರಡು ಮೈನಸ್ ಇದಾವಲ್ರಿ ಸರ್, ಪ್ಲಸ್ ಆಗ್ತದ’ ಅಂದ. ನೋಡಿ, ಅವನಿಗೆ ಬೇಸಿಕ್ ಇಲ್ಲ ಅಂತಲ್ಲ. ಬೇಸಿಕ್ ಇದೆ, ತಪ್ಪು ಜಾಗದಲ್ಲಿದೆ. ಏಳನೇ ಕ್ಲಾಸಲ್ಲಿ ಯಾರೋ ‘ಮೈನಸ್ ಮೈನಸ್ ಪ್ಲಸ್’ ಅಂತ ಹಾಡಿನ ಥರ ಬಾಯಿಪಾಠ ಮಾಡಿಸಿದ್ದಾರೆ. ಗುಣಾಕಾರ ಭಾಗಾಕಾರದಲ್ಲಿ ಅನ್ನುವ ಬಾಲ ಕಳಚಿ ಬಿದ್ದಿದೆ. ಹುಡುಗ ನಿಯಮ ಪಾಲಿಸಿದ್ದಾನೆ ಪಾಪ.

ನಾನು ಕೇಳಿದೆ: ‘ಕಿರಾಣಿ ಅಂಗಡಿಯಾಗ ನಿನ್ನೆ 3 ರೂಪಾಯಿ ಉದ್ರಿ ತಂದಿ, ಇವತ್ತು 5 ರೂಪಾಯಿ ಉದ್ರಿ ತಂದಿ. ಎರಡು ಸಲ ಉದ್ರಿ ಆತಲ್ಲ, ಈಗ ಅಂಗಡಿಯವನೇ ನಿನಗ 8 ರೂಪಾಯಿ ಕೊಡ್ತಾನೇನು?’ ಇಡೀ ಕ್ಲಾಸು ನಕ್ಕಿತು, ಅವನೂ ನಕ್ಕ, ತಾನೇ ಒರೆಸಿ −8 ಮಾಡಿದ. ಹಾಸನದವರಿಗೆ ‘ಉದ್ರಿ’ ಗೊತ್ತಿಲ್ಲದೆ ಇರಬಹುದು, ಅಂಗಡಿಯ ಸಾಲ ಅದು. ಅಲ್ಲಿಯ ಮಕ್ಕಳಿಗೆ ಋಣಸಂಖ್ಯೆ ಅನ್ನುವುದಕ್ಕಿಂತ ಉದ್ರಿ ಅಂದರೆ ತಟ್ಟನೆ ಹೊಳೆಯುತ್ತದೆ. ಆದರೆ ಒಂದು ಎಚ್ಚರಿಕೆ. ಈ ಉದ್ರಿ ಕೂಡುವುದು ಕಳೆಯುವುದಕ್ಕೆ ಮಾತ್ರ ಚೆನ್ನ. (−3) × (−5)ಕ್ಕೂ ಅದನ್ನೇ ಎಳೆದರೆ ನೀವೇ ಸಿಕ್ಕಿ ಹಾಕಿಕೊಳ್ಳುತ್ತೀರಿ, ನಾನು ಸಿಕ್ಕಿಕೊಂಡಿದ್ದೇನೆ. ಅಲ್ಲಿ ಮಗ್ಗಿ ಇಳಿಸಿ: 2 × (−5) = −10, 1 × (−5) = −5, 0 × (−5) = 0. ಒಂದೊಂದು ಮೆಟ್ಟಿಲು ಇಳಿದ ಹಾಗೂ ಉತ್ತರ 5 ಹೆಚ್ಚುತ್ತಿದೆ. ಹಾಗಾದರೆ (−1) × (−5) ಎಷ್ಟಿರಬೇಕು? ಮಕ್ಕಳೇ 5 ಅಂತಾರೆ.

ಇನ್ನೊಂದು ತಪ್ಪು ನೋಡಿ. 1/2 + 1/3 = 2/5. ಇದನ್ನು ನಾನು ಬಹಳ ವರ್ಷ ಬರೀ ಅಜಾಗರೂಕತೆ ಅಂದುಕೊಂಡಿದ್ದೆ. ಆಮೇಲೆ ಒಬ್ಬಳು ಹುಡುಗಿ ಹೇಳಿದಳು, ‘ಸರ್, ಮೊದಲನೇ ಪ್ರಶ್ನೆಗೆ 2ಕ್ಕೆ 1, ಎರಡನೇದಕ್ಕೆ 3ಕ್ಕೆ 1 ಅಂಕ ಕೊಟ್ಟು ನೀವೇ 5ಕ್ಕೆ 2 ಅಂತ ಕೂಡಿಸ್ತೀರಲ್ಲ’. ನನಗೆ ಬಾಯಿ ಕಟ್ಟಿತು. ನಮ್ಮ ಅಂಕದ ಕೂಡಿಕೆಯೇ ಅವಳಿಗೆ ಭಿನ್ನರಾಶಿಯ ಪಾಠ ಆಗಿತ್ತು! ಇಲ್ಲಿ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಅಂತ ಶುರು ಮಾಡುವ ಮೊದಲು ಒಂದೇ ಪ್ರಶ್ನೆ ಸಾಕು: ಅರ್ಧ ರೊಟ್ಟಿ ಇದೆ, ಇನ್ನಷ್ಟು ರೊಟ್ಟಿ ಸೇರಿಸಿದೆ, ಈಗ ಅರ್ಧಕ್ಕಿಂತ ಕಡಿಮೆ ಆಗುತ್ತಾ? 2/5 ಅರ್ಧಕ್ಕಿಂತ ಕಡಿಮೆ. ಎಲ್ಲೋ ಎಡವಿದ್ದೇವೆ ಅಂತ ಮಗುವಿಗೇ ಗೊತ್ತಾಗುತ್ತದೆ.

ಬೀಜಗಣಿತದಲ್ಲಿ 2ಎಕ್ಸ್ + 3 = 5ಎಕ್ಸ್ ಅಂತ ಬರೆಯುವವರು ನಿಮ್ಮಲ್ಲೂ ಇರುತ್ತಾರೆ. ‘ಎಕ್ಸ್ ಅಂದರೆ ಮಾವಿನ ಹಣ್ಣು, ವೈ ಅಂದರೆ ಬಾಳೆಹಣ್ಣು’ ಅಂತ ಹೇಳಿಕೊಡುತ್ತೀರಾ? ಬಿಟ್ಟುಬಿಡಿ. ಎಕ್ಸ್ ಒಂದು ಸಂಖ್ಯೆ, ಹಣ್ಣಲ್ಲ, ಆ ಗೊಂದಲ ಹತ್ತನೇ ಕ್ಲಾಸಿನವರೆಗೂ ಹಿಂದೆ ಬರುತ್ತದೆ. ಎಕ್ಸ್ ಜಾಗದಲ್ಲಿ 10 ಹಾಕಿ ನೋಡಲು ಹೇಳಿ. ಒಂದು ಕಡೆ 23, ಇನ್ನೊಂದು ಕಡೆ 50. ಆದರೆ 1 ಹಾಕಿಸಬೇಡಿ! 1 ಹಾಕಿದರೆ ಎರಡೂ ಕಡೆ 5 ಬಂದು, ತಪ್ಪು ಇನ್ನೂ ಗಟ್ಟಿಯಾಗಿ ಕೂರುತ್ತದೆ. ಒಂದು ತರಬೇತಿಯಲ್ಲಿ ನಾನೇ ಎಲ್ಲರೆದುರು 1 ಹಾಕಿ ಪೇಚಿಗೆ ಸಿಕ್ಕಿದ್ದೆ, ಅದು ಬೇರೆ ಮಾತು.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ‘ಬೇಸಿಕ್ ಇಲ್ಲ’ ಅನ್ನುವ ಮಾತು ಅರ್ಧ ನಿಜ, ಅರ್ಧ ಸೋಮಾರಿತನ. ಮಗ್ಗಿ ಬಾರದ, ಭಾಗಾಕಾರ ಬಾರದ ಮಕ್ಕಳು ಇದ್ದಾರೆ, ಸುಳ್ಳಲ್ಲ. ನಿಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಎಷ್ಟು ಹಾಜರಿ ಇರುತ್ತದೆ ಅಂತ ನೀವೇ ನೋಡಿರುತ್ತೀರಿ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದರೆ ಕೆಲವು ಮಕ್ಕಳೂ ಜೊತೆಗೆ ಹೋಗಿ ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡಿರುತ್ತಾರೆ. ಜೂನ್‌ನ ಸೇತುಬಂಧ, ಅಂದರೆ ಹಿಂದಿನ ತರಗತಿಯ ಪಾಠ ಮತ್ತೆ ನೋಡುವ ಕಾರ್ಯಕ್ರಮ, ಇರುವುದೇ ಈ ತೂತು ಮುಚ್ಚಲು, ಆದರೆ ಸುಮಾರು ಕಡೆ ಅದು ಪೂರ್ವ ಪರೀಕ್ಷೆಯ ಅಂಕ ಪುಸ್ತಕಕ್ಕೆ ಹತ್ತಿಸುವುದರಲ್ಲೇ ಮುಗಿಯುತ್ತದೆ. ಅಂಕ ಬಿಡಿ, ಯಾವ ತಪ್ಪು ಎಷ್ಟು ಮಕ್ಕಳದ್ದು ಅಂತ ಒಂದು ಹಾಳೆ ಮಾಡಿ. 54 ಮಕ್ಕಳ 54 ಥರದ ತಪ್ಪು ಇರುವುದಿಲ್ಲ. ನಾನು ಮಾಡಿದಾಗೆಲ್ಲ ಐದಾರು ಥರಕ್ಕೆ ಇಳಿದಿದೆ. ಐದಾರನ್ನು ಸರಿ ಮಾಡಬಹುದು ಅಂತ ಧೈರ್ಯ ಬರುತ್ತದೆ.

ಕೋಲಿನ ವಿಷಯ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇಲಾಖೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು. ಪ್ರೊಬೇಷನ್‌ನಲ್ಲಿ ಇರುವವರಿಗೆ ಇದಕ್ಕಿಂತ ಬೇರೆ ಹೇಳಬೇಕಿಲ್ಲ. ಕಾನೂನು ಬದಿಗಿಟ್ಟರೂ, ಕೋಲು ಇರುವ ಕ್ಲಾಸಲ್ಲಿ ಆ ಹುಡುಗ ‘ಎರಡು ಮೈನಸ್ ಇದಾವಲ್ರಿ’ ಅಂತ ಬಾಯಿ ಬಿಡುತ್ತಿರಲಿಲ್ಲ. ಪಕ್ಕದವನದ್ದು ನೋಡಿ −8 ಬರೆದು ಕೂರುತ್ತಿದ್ದ. ನೀವು ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದಿರಿ.

ಈಗ ಚಟುವಟಿಕೆಯೋ ಬೋರ್ಡೋ ಅನ್ನುವ ಜಗಳ. ಬಿ.ಎಡ್ ನೋಟ್ಸಿನಲ್ಲಿ ಒಂದು ತ್ರಿಕೋನದ ಚಿತ್ರ ಬರೆದಿರುತ್ತೀರಿ: ಓದಿದ್ದು 10 ಶೇಕಡಾ ನೆನಪಿರುತ್ತದೆ, ಕೇಳಿದ್ದು 20 ಶೇಕಡಾ, ಮಾಡಿದ್ದು 90 ಶೇಕಡಾ. ಆ ಅಂಕಿಗಳಿಗೆ ಆಧಾರವೇ ಇಲ್ಲ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ‘ಅನುಭವದ ಶಂಕು’ ಅಂತ ಆ ಚಿತ್ರದ ಮೂಲ ಬರೆದಾಗ ಅದರಲ್ಲಿ ಶೇಕಡಾವಾರು ಇರಲೇ ಇಲ್ಲ, ಆಮೇಲೆ ಯಾರೋ ಅಂಟಿಸಿದರು. ಒಂದು ಮಗು ನೋಡಿ ಕಲಿಯುತ್ತದೆ, ಇನ್ನೊಂದು ಮಗು ಕೇಳಿ ಕಲಿಯುತ್ತದೆ, ಅದಕ್ಕೆ ತಕ್ಕ ಹಾಗೆ ಕಲಿಸಬೇಕು ಅನ್ನುವುದೂ ಹೀಗೆಯೇ. 2008ರಲ್ಲಿ ಮನಶ್ಶಾಸ್ತ್ರಜ್ಞರು ಆ ಬಗೆಯ ಅಧ್ಯಯನಗಳನ್ನೆಲ್ಲ ಜಾಲಾಡಿ ಗಟ್ಟಿ ಪುರಾವೆ ಇಲ್ಲ ಅಂದರು. ಹಾಗಾಗಿ ಚಾರ್ಟು ಮಾಡಲಿಲ್ಲವಲ್ಲ ಅಂತ ಪಾಪಪ್ರಜ್ಞೆ ಬೇಡ.

ಹಾಗಂತ ಬರೀ ಬೋರ್ಡು ಗೆದ್ದಿತು ಅಂತಲೂ ಅಲ್ಲ. ಹೊಸ ವಿಷಯ ಕಲಿಯುವಾಗ, ಬಿಡಿಸಿದ ಲೆಕ್ಕ ನೋಡಿ ಕಲಿಯುವುದು ತಾನೇ ತಡಕಾಡುವುದಕ್ಕಿಂತ ಒಳ್ಳೆಯದು ಅಂತ ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ತೋರಿಸಿದರು. ಹೊಸಬನ ತಲೆಯಲ್ಲಿ ಒಂದೇ ಸಲಕ್ಕೆ ಬಹಳ ಸಂಗತಿ ಹಿಡಿಯುವುದಿಲ್ಲ. ಗುಂಪಿನಲ್ಲಿ ಕೂರಿಸಿ ‘ಕಂಡುಹಿಡೀರಿ’ ಅಂದಾಗ ನಿಮ್ಮ ಕ್ಲಾಸು ಗಲಾಟೆ ಮಾಡಿದ್ದು ಅದಕ್ಕೇ, ಮಾಡುವುದು ಏನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ತಿಳಿದ ಮೇಲೆ ಗುಂಪು, ಚರ್ಚೆ ಎಲ್ಲ ಚೆನ್ನಾಗಿ ನಡೆಯುತ್ತದೆ. ತಪ್ಪಿದ್ದು ಅನುಕ್ರಮ ಅಷ್ಟೇ.

ನಾನು ಕೊನೆಕೊನೆಗೆ ಮಾಡುತ್ತಿದ್ದುದು ಇದು. ಬೋರ್ಡಿನ ಮಧ್ಯೆ ಒಂದು ಗೆರೆ. ಎಡಗಡೆ ನಾನು ಒಂದು ಲೆಕ್ಕ ಬಿಡಿಸುತ್ತೇನೆ, ಮಕ್ಕಳು ಪೆನ್ನು ಕೆಳಗಿಟ್ಟು ನೋಡಬೇಕು. ಬರೆದುಕೊಳ್ಳುವವನು ಕೇಳುವುದಿಲ್ಲ, ಇದು ಖಂಡಿತ. ಬಲಗಡೆ ಅದೇ ಥರದ ಇನ್ನೊಂದು ಲೆಕ್ಕ, ಅಂಕಿ ಮಾತ್ರ ಬೇರೆ. ಅದನ್ನು ಅವರು ರಫ್ ಪುಸ್ತಕದಲ್ಲಿ ಮಾಡಬೇಕು, ಆಗ ಎಡಗಡೆಯದು ಅಳಿಸಿರುವುದಿಲ್ಲ. ಮೂರನೆಯದಕ್ಕೆ ಎಡಗಡೆ ಅಳಿಸಿಬಿಡುತ್ತೇನೆ. ಆಗ ಗೊತ್ತಾಗುತ್ತದೆ ಯಾರು ನೋಡಿ ಬರೆದರು, ಯಾರು ತಿಳಿದು ಬರೆದರು ಅಂತ. ಇದರ ಅಪಾಯ: ಜಾಣ ಮಕ್ಕಳಿಗೆ ಬೇಗ ಬೇಜಾರಾಗುತ್ತದೆ. ಅವರಿಗೆ ‘ಈ ಉತ್ತರ ತಪ್ಪಿದೆ, ಯಾವ ಹೆಜ್ಜೆಯಲ್ಲಿ ಹುಡುಕು’ ಅಂತ ಒಂದು ತಪ್ಪು ಲೆಕ್ಕ ಕೊಡಿ, ಪೊಲೀಸರ ಹಾಗೆ ಹುಡುಕುತ್ತಾರೆ.

ಇನ್ನು ‘ಅರ್ಥ ಆಯ್ತಾ’ ಬದಲಿಗೆ ಏನು? ಎಲ್ಲರೂ ಒಟ್ಟಿಗೆ ಉತ್ತರ ಕೊಡುವಂಥ ಪ್ರಶ್ನೆ. ಬೋರ್ಡಿನ ಮೇಲೆ ಬರೆಯಿರಿ: −3 − 5 = ? ಒಂದು, 8. ಎರಡು, −8. ಮೂರು, 2. ನಾಲ್ಕು, −2. ‘ಮೂರು ಎಣಿಸ್ತೀನಿ, ಎದೆಯ ಹತ್ತಿರ ಬೆರಳು ತೋರಿಸಿ’ ಅನ್ನಿ. ಕೈ ಮೇಲೆತ್ತಿದರೆ ಹಿಂದಿನವರು ಮುಂದಿನವರದ್ದು ನೋಡುತ್ತಾರೆ, ಅದಕ್ಕೆ ಎದೆಯ ಹತ್ತಿರ. ಅರ್ಧ ನಿಮಿಷದಲ್ಲಿ 54 ಉತ್ತರ ನಿಮ್ಮ ಕಣ್ಣ ಮುಂದೆ. ಒಂದು ಬೆರಳು ತೋರಿಸಿದವರು ‘ಮೈನಸ್ ಮೈನಸ್ ಪ್ಲಸ್’ನವರು. ಮೂರು ತೋರಿಸಿದವರು ಚಿಹ್ನೆಯನ್ನೇ ಮರೆತು ದೊಡ್ಡದರಲ್ಲಿ ಸಣ್ಣದು ಕಳೆದವರು. ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಬೇಡಿ. ಒಂದೊಂದೂ ಒಂದೊಂದು ತಪ್ಪಿನ ಕಥೆ ಹೇಳಬೇಕು. ಇಂಥ ಒಂದು ಪ್ರಶ್ನೆ ಮಾಡಲು ಹಿಂದಿನ ರಾತ್ರಿ ಹತ್ತು ನಿಮಿಷ ಹಿಡಿಯುತ್ತದೆ, ಆದರೆ ನನ್ನ ಪ್ರಕಾರ ಇಡೀ ಪಾಠಯೋಜನೆಯಲ್ಲಿ ಕೆಲಸಕ್ಕೆ ಬರುವ ಹತ್ತು ನಿಮಿಷ ಅದೇ. ಸ್ಲೇಟೂ ಬಳಸಬಹುದು. ಆದರೆ ಎಂಟನೇ ಕ್ಲಾಸಿನವರು ‘ನಾವೇನು ಒಂದನೇತ್ತೇನ್ರಿ?’ ಅಂತ ಮುಖ ಸಿಂಡರಿಸುವುದುಂಟು. ಸ್ಲೇಟಿನ ಬದಲು ಹಳೇ ಲಗ್ನಪತ್ರಿಕೆಯ ಹಿಂಭಾಗದಲ್ಲಿ ಬರೆಸಿದರೆ ಆ ಅವಮಾನ ಇಲ್ಲ.

ಒಬ್ಬೊಬ್ಬರನ್ನೇ ಕೇಳುವಾಗ ಇನ್ನೊಂದು ಅಭ್ಯಾಸ. ಪ್ರಶ್ನೆ ಮೊದಲು, ಹೆಸರು ಆಮೇಲೆ. ‘ಮಲ್ಲಮ್ಮ, ಇದು ಎಷ್ಟು?’ ಅಂದ ಕ್ಷಣ ಉಳಿದ 53 ಜನ ಉಸಿರು ಬಿಟ್ಟು ಕಿಟಕಿ ಕಡೆ ನೋಡುತ್ತಾರೆ. ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಕ್ಲಾಸುಗಳ ಟೇಪು ಕೇಳಿ ಅಳೆದರು: ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು! ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಕಡಿಮೆಯಾಯಿತು. ಮೂರು ಸೆಕೆಂಡು ಏನು ಮಹಾ ಅನ್ನಿಸುತ್ತದೆ, ನಿಂತು ನೋಡಿ, ಯುಗ ಕಳೆದ ಹಾಗಾಗುತ್ತದೆ. ನಾನು ಮನಸ್ಸಲ್ಲೇ ಎಣಿಸುತ್ತಿದ್ದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮಾತು ಅವರಿಗೆ ತಲುಪುತ್ತಿದೆಯಾ? ಹಾಸನದ ವೇಗದ ಕನ್ನಡ ಒಂದು, ಯಾದಗಿರಿಯ ಮಕ್ಕಳ ಮನೆಮಾತು ಇನ್ನೊಂದು, ಪಠ್ಯಪುಸ್ತಕದ ‘ಚರಾಕ್ಷರ, ಸಹಗುಣಕ, ಸಜಾತಿ ಪದ’ ಮೂರನೆಯದು. ಮೂರರ ಮಧ್ಯೆ ಮಗು ಕೂತಿದೆ. ಕೆಲವರ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಬೇರೆ. ಪಾರಿಭಾಷಿಕ ಪದ ಬಿಡಬೇಡಿ, ಪರೀಕ್ಷೆಯಲ್ಲಿ ಅದೇ ಬರುತ್ತದೆ. ಆದರೆ ಮೊದಲು ಅವರ ಮಾತಲ್ಲಿ ಹೇಳಿಸಿ, ಆಮೇಲೆ ‘ಇದಕ್ಕೆ ಪುಸ್ತಕದಾಗ ಸಹಗುಣಕ ಅಂತಾರ’ ಅನ್ನಿ. ‘ಅಂತಾರ’ ಅಂದಾಗ ಮಕ್ಕಳು ಒಂದು ವಾರ ನಗುತ್ತಾರೆ. ನಗಲಿ.

ಮರೆವಿನದ್ದು ಇನ್ನೊಂದು ಕಥೆ. ಜುಲೈನಲ್ಲಿ ಬಂದ ಲೆಕ್ಕ ಅಕ್ಟೋಬರಿನಲ್ಲಿ ಬರುವುದಿಲ್ಲ ಅಂತ ಎಲ್ಲರೂ ದೂರುತ್ತಾರೆ. ಮತ್ತೆ ಮತ್ತೆ ನೋಟ್ಸ್ ಓದಿಸಿದರೆ ಉಪಯೋಗ ಕಡಿಮೆ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡಾಗ ಗಟ್ಟಿಯಾಗುತ್ತದೆ. ದಿನಾ ಮೊದಲ ಐದು ನಿಮಿಷ, ನೀವು ಹಾಜರಿ ಹಾಕುವ ಹೊತ್ತಿನಲ್ಲೇ, ಬೋರ್ಡಿನ ಮೇಲೆ ಮೂರು ಲೆಕ್ಕ ಇರಲಿ: ನಿನ್ನೆಯದೊಂದು, ಹೋದ ವಾರದ್ದೊಂದು, ಎರಡು ತಿಂಗಳ ಹಿಂದಿನದೊಂದು. ಅಂಕ ಬೇಡ, ಪುಸ್ತಕ ತರಿಸಿಕೊಂಡು ತಿದ್ದುವುದೂ ಬೇಡ. ಅಂಕ ಕೊಟ್ಟರೆ ಇದೂ ಪರೀಕ್ಷೆ ಆಗಿ ನಕಲು ಶುರುವಾಗುತ್ತದೆ. ಹತ್ತಿ ಬಿಡಿಸಲು ಹೋಗಿ ಬಂದ ಮಕ್ಕಳಿಗೂ ಇದೇ ಬಾಗಿಲು, ತಪ್ಪಿಸಿಕೊಂಡ ಪಾಠ ಎರಡು ಮೂರು ಸಲ ಎದುರಿಗೆ ಬರುತ್ತದೆ. ಅವರು ಬಂದ ದಿನ ‘ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?’ ಅಂತ ಮಾತ್ರ ಕೇಳಬೇಡಿ.

ಪೋರ್ಷನ್ ಬಗ್ಗೆ ನಿಜ ಹೇಳುತ್ತೇನೆ. ಹೀಗೆ ಮಾಡಿದರೆ ಮೊದಲ ಎರಡು ಮೂರು ತಿಂಗಳು ನೀವು ಹಿಂದೆ ಬೀಳುತ್ತೀರಿ. ಹೆಚ್‌ಎಂ ಕೇಳುತ್ತಾರೆ, ಸಿಆರ್‌ಪಿ (ಸುತ್ತಲ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಇಲಾಖೆಯವರು) ಬಂದರೆ ಅವರೂ ಕೇಳುತ್ತಾರೆ. ಬರಿಗೈಯಲ್ಲಿ ‘ಮಕ್ಕಳಿಗೆ ಅರ್ಥ ಆಗ್ತಿಲ್ಲ ಸರ್’ ಅಂದರೆ ನಿಮ್ಮ ಮೇಲೇ ಬರುತ್ತದೆ. ಆ ತಪ್ಪುಗಳ ಹಾಳೆ ತೋರಿಸಿ: ‘ಋಣಸಂಖ್ಯೆಯಲ್ಲಿ 31 ಮಕ್ಕಳು ಹೀಗೆ ಬರೆಯುತ್ತಿದ್ದರು, ಈಗ 12. ಇದು ಸರಿಯಾಗದೆ ಸಮೀಕರಣ ನಿಲ್ಲುವುದಿಲ್ಲ’. ಅಂಕಿ ನೋಡಿದರೆ ಹೆಚ್ಚಿನ ಹೆಚ್‌ಎಂಗಳು ಒಪ್ಪುತ್ತಾರೆ, ಎರಡು ವರ್ಷ ಬಿಟ್ಟು ಇದೇ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವವರು ತಾನೇ? ಒಪ್ಪದವರೂ ಇರುತ್ತಾರೆ. ಅಲ್ಲಿ ನೀವು ಎಲ್ಲ ಪಾಠಕ್ಕೂ ಸಮ ಸಮಯ ಹಂಚುವುದು ಬಿಟ್ಟು, ಪೂರ್ಣಾಂಕ, ಭಿನ್ನರಾಶಿ, ಸರಳ ಸಮೀಕರಣಕ್ಕೆ ಜಾಸ್ತಿ ಕೊಟ್ಟು, ದತ್ತಾಂಶ ನಿರ್ವಹಣೆಯಂಥ ಹಗುರ ಪಾಠವನ್ನು ಬೇಗ ದಾಟಿ. ಪಾಸಿಂಗ್ ಪ್ಯಾಕೇಜ್ ದಾರಿಯೂ ಒಂದಿದೆ, ಬರುವ ಪ್ರಶ್ನೆಗಳನ್ನಷ್ಟೇ ಉರು ಹೊಡೆಸುವುದು. ಹತ್ತನೇ ಕ್ಲಾಸಿನ ಕೊನೇ ಎರಡು ತಿಂಗಳಿಗೆ ಅದನ್ನು ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಎಂಟನೇ ಕ್ಲಾಸಿಗೆ ಬೇಡ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ, ಸುಸ್ತಾಗಿ ಹದಿನೈದು ದಿನಕ್ಕೆ ಬಿಡುತ್ತೀರಿ. ಸೋಮವಾರದಿಂದ ಬೆರಳು ತೋರಿಸುವ ಒಂದು ಪ್ರಶ್ನೆ, ದಿನಕ್ಕೆ ಒಂದು. ಅದು ಕೈಹಿಡಿದ ಮೇಲೆ ಐದು ನಿಮಿಷದ ಮೂರು ಲೆಕ್ಕ. 54 ನೋಟ್‌ಬುಕ್ ಒಂದೇ ದಿನ ತಿದ್ದುವ ಹುಚ್ಚು ಬಿಟ್ಟು ದಿನಕ್ಕೆ ಹತ್ತು ನೋಡಿ. ಮೊದಲ ವಾರ ಗಲಾಟೆ ಇರುತ್ತದೆ, ಪಕ್ಕದ ಕ್ಲಾಸಿನವರು ಬಾಗಿಲಿಂದ ಇಣುಕಿದರೂ ಇಣುಕಬಹುದು.

ಇನ್ನು ನಿಮ್ಮ ಸಣ್ಣ ಪ್ರಶ್ನೆ, ಬೋರ್ಡಿನ ಮೇಲೆ ತಪ್ಪಿದರೆ. ನನ್ನ ಮೊದಲ ವರ್ಷ ಹೀಗಾದಾಗ ‘ನಿಮ್ಮನ್ನ ಪರೀಕ್ಷೆ ಮಾಡಲಿಕ್ಕೆ ಬೇಕಂತಲೇ ತಪ್ಪು ಬರೆದೆ’ ಅಂದಿದ್ದೆ. ಮಕ್ಕಳು ನಂಬಲಿಲ್ಲ, ನನಗೂ ಗೊತ್ತಿತ್ತು ನಂಬಲಿಲ್ಲ ಅಂತ. ಆಮೇಲೆ ‘ತಪ್ಪಾತಲ್ಲ, ಯಾರು ಮೊದಲು ನೋಡಿದವರು? ಬಂದು ತಿದ್ದು’ ಅಂತ ಚಾಕ್‌ಪೀಸ್ ಅವರ ಕೈಗೆ ಕೊಡತೊಡಗಿದೆ. ಕೊನೇ ಬೆಂಚಿನ ಒಬ್ಬ ಹುಡುಗ ನನ್ನ ತಪ್ಪು ಹಿಡಿಯಲೆಂದೇ ವರ್ಷಪೂರ್ತಿ ಬೋರ್ಡು ನೋಡಿದ.